ಎಪ್ಪತ್ತೇಳು ಎಪ್ಪತ್ತೈದರ ಪಾಳಿ

ಶಹಾಪುರದ ಒಂದು ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಪಂಚಶೀಲಾಳ ಮೂಗು ಹುಟ್ಟುವಾಗ ನೆಟ್ಟಗೇ ಇತ್ತಂತೆ. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಮೇಲೆ ಅದು ಒಂದು ಪಕ್ಕಕ್ಕೆ ಮುರಿದುಕೊಂಡೇ ನಿಂತಿದೆ. ಉತ್ತರ ತಪ್ಪಿದರೆ ಅವಳಿಗೆ ಕೋಪವಿಲ್ಲ. ಉತ್ತರ ಸರಿಯಿದ್ದು ದಾರಿ ತಪ್ಪಿದ್ದರೆ ಮಾತ್ರ ಹೇಸಿಗೆ. ಅಂಥ ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ, "ಇದು ಎಲ್ಲಿಂದ ಬಂತಪಾ?" ಎಂದು ಕೇಳುತ್ತಾಳೆ. ಪಕ್ಕದ ಬೆಂಚಿನಿಂದ ಬಂದಿರುತ್ತದೆ.

ಅವಳಿಗೆ ಅಸಹ್ಯವಾಗುವ ಸಂಗತಿಗಳಿಗೆ ಈ ತಾಲೂಕಿನಲ್ಲಿ ಬರವಿಲ್ಲ. ಮೆಟ್ಟಿಲ ಮೂಲೆಗೆ ಉಗಿದ ಗುಟ್ಕಾ, ಸ್ಟಾಫ್‌ ರೂಮಿನ ಬೇಸಿನ್ನಿನಲ್ಲಿ ಯಾರೋ ಚೆಲ್ಲಿಹೋದ ಚಹಾಪುಡಿ, "ನನಗ ಲೆಕ್ಕ ಅಂದ್ರ ಆಗೂದಿಲ್ಲ ನೋಡ್ರಿ" ಎಂದು ಬಂಗಾರದ ಪದಕ ತೋರಿಸಿದ ಹಾಗೆ ಹೇಳಿಕೊಳ್ಳುವ ಪ್ರಿನ್ಸಿಪಾಲರು. ಆದರೆ ಸಂಖ್ಯೆಗಳ ಬಗ್ಗೆ ಅವಳಿಗೆ ಎಂದೂ ಅಸಹ್ಯ ಹುಟ್ಟಿರಲಿಲ್ಲ. ಗೋಗಿಯ ಕೇರಿಯಿಂದ ಶಾಲೆಗೆ ಹೋಗುತ್ತಿದ್ದ ಕಾಲಕ್ಕೇ ಅವಳಿಗೆ ಒಂದು ತಿಳಿದುಹೋಗಿತ್ತು. ಊರಿನ ಹೋಟೆಲಿನಲ್ಲಿ, ಬಾವಿಕಟ್ಟೆಯಲ್ಲಿ, ಗುಡಿಯಲ್ಲಿ "ಯಾರ ಪೈಕಿ ನೀ?" ಎಂಬ ಪ್ರಶ್ನೆ ಬಾಗಿಲಿಗೇ ಬಂದು ನಿಂತಿರುತ್ತಿತ್ತು. ಏಳೆಂಟ್ಲೆ ಐವತ್ತಾರು ಎನ್ನುವ ಕಡೆ ಆ ಪ್ರಶ್ನೆ ಇರಲಿಲ್ಲ. ಗೌಡರ ಮಗ ಹೇಳಿದರೂ ಐವತ್ತಾರು, ಕೂಲಿ ಅಂಬ್ರಪ್ಪನ ಮಗಳು ಹೇಳಿದರೂ ಐವತ್ತಾರು. ಗೌಡರ ಮಗ ಐವತ್ನಾಲ್ಕು ಎಂದರೆ ಮಾಸ್ತರರಿಗೂ ಏನೂ ಮಾಡಲು ಬರುತ್ತಿರಲಿಲ್ಲ. ಆ ಸುಖಕ್ಕಾಗಿಯೇ ಅವಳು ಕಲಬುರಗಿಗೆ ಹೋಗಿ ಗಣಿತ ಓದಿದಳು, ತಿರುಗಿ ಬಂದು ಗಣಿತ ಕಲಿಸಿದಳು. ಊರಿಗೆಲ್ಲ ಒಂದೇ ಒಂದು ಸ್ವಚ್ಛ ಮನೆ, ಅದರ ಕೀಲಿಕೈ ತನ್ನ ಸೊಂಟದಲ್ಲಿದೆ ಎಂಬ ಭಾವ ಅವಳದು.

ಆ ಮನೆಯೊಳಗೆ ಕೆಸರುಗಾಲಲ್ಲಿ ಬಂದವನು ಮೌನಪ್ಪ.

ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಹೆತ್ತವರು ಇಟ್ಟ ಹೆಸರು ಅದು. ಮೌನ ಹೆಸರಿನಲ್ಲೇ ಮುಗಿದುಹೋಗಿ, ಬಾಯಿಗೆ ಏನೂ ಉಳಿದಿರಲಿಲ್ಲ. ಮೊದಲು ಬಸ್‌ಸ್ಟ್ಯಾಂಡಿನ ಹತ್ತಿರ ಛತ್ರಿಯ ಕೆಳಗೆ ಕುಳಿತು ಸಿಮ್ ಕಾರ್ಡ್ ಮಾರುತ್ತಿದ್ದ. ಗಿರಾಕಿಗಳು ನಂಬರು ಆರಿಸಲು ಪಡುವ ಸಂಕಟ ನೋಡಿ ಅವನಿಗೆ ಜ್ಞಾನೋದಯವಾಯಿತು: ಸಿಮ್ಮಿಗಿಂತ ಸಂಕಟದಲ್ಲೇ ಲಾಭ ಹೆಚ್ಚು. ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಹಿಡಿದು 'ಅಂಕಭಾಗ್ಯ' ಎಂಬ ಬೋರ್ಡು ಏರಿಸಿದ. ಗೊಬ್ಬರ ಕೆಳಗೂ ಸಿಗುತ್ತಿತ್ತು, ಮೇಲೂ ಸಿಗುತ್ತಿತ್ತು.

ಅವನ ಶಾಸ್ತ್ರ ಸರಳ. ಗಾಡಿಯದಾಗಲಿ, ಮೊಬೈಲಿನದಾಗಲಿ, ನಂಬರಿನ ಅಂಕಿಗಳನ್ನು ಕೂಡಿಸುತ್ತ ಹೋಗಬೇಕು, ಒಂದೇ ಅಂಕಿ ಉಳಿಯುವ ತನಕ. ಒಂಬತ್ತು ಉಳಿದರೆ ಪೂರ್ಣಯೋಗ. ಎಂಟು ಉಳಿದರೆ ಶನಿ, ಹತ್ತಿದವರಿಗೂ ಕೇಡು, ಎದುರು ಬಂದವರಿಗೂ ಕೇಡು. ಇದನ್ನು ಅವನು ವಿಡಿಯೋ ಮಾಡಿ ವಾಟ್ಸಾಪಿಗೆ ಬಿಟ್ಟ. ಶಹಾಪುರದಿಂದ ಗೋಗಿಯ ತನಕ ಜನ ಬೆರಳು ಮಡಚಿ ಕೂಡಿಸತೊಡಗಿದರು. ಮಗ್ಗಿ ಹೇಳು ಎಂದರೆ ಹೊಟ್ಟೆನೋವು ಎನ್ನುತ್ತಿದ್ದ ಹುಡುಗರು ಕೂಡ ಕೂಡಿಸಿದರು. ಪಂಚಶೀಲಾಳಿಗೆ ಅದೇ ಮೊದಲ ಉರಿ.

ಎರಡನೇ ಉರಿ ಮನೆಗೇ ಬಂತು. ಅವಳ ತಮ್ಮ ಜೈಭೀಮ ಶಹಾಪುರ–ಗೋಗಿ ರಸ್ತೆಗೆ ಜನ ತುಂಬಿಕೊಂಡು ಓಡುವ ಮೂರು ಗಾಲಿಯ ಹೊಸ ಟಂಟಂ ಬಿಟ್ಟಿದ್ದ. ಕೇರಿಯಿಂದ ರಸ್ತೆಗಿಳಿದ ಮೊದಲ ಸ್ವಂತ ಗಾಡಿ. ಅದೇ ದಿನ, ಯಾದಗಿರಿಯ ಅದೇ ಶೋರೂಮಿನಿಂದ, ಮೇಲಿನೋಣಿಯ ಪಂಪಣ್ಣನೂ ಅಂಥದೇ ಹಳದಿ ಟಂಟಂ ತಂದ. ಅಕ್ಕಪಕ್ಕದ ನಂಬರು ಬಿದ್ದವು. ಜೈಭೀಮನದು 7775, ಪಂಪಣ್ಣನದು 7776. ಮೊದಲನೆಯದನ್ನು ಕೂಡಿಸಿದರೆ ಇಪ್ಪತ್ತಾರು, ಅದನ್ನು ಕೂಡಿಸಿದರೆ ಎಂಟು. ಎರಡನೆಯದು ಇಪ್ಪತ್ತೇಳು, ಅಂದರೆ ಒಂಬತ್ತು. ಒಂದೇ ತಾಯಿಯ ಹೊಟ್ಟೆಯಿಂದ ಬಂದ ಅವಳಿಗಳಲ್ಲಿ ಒಬ್ಬನಿಗೆ ಪೇಟ, ಒಬ್ಬನಿಗೆ ಪೀಡೆ.

ಟಂಟಂ ಸ್ಟ್ಯಾಂಡಿನಲ್ಲಿ ಪಾಳಿ ಉಂಟು. ಮೊದಲು ಬಂದ ಗಾಡಿ ಮುಂದೆ. ಅದು ತುಂಬಿ ಹೊರಡುವ ತನಕ ಹಿಂದಿನದು ಜನ ಹತ್ತಿಸುವಂತಿಲ್ಲ. ಜೈಭೀಮನ ಪಾಳಿ ಬಂದರೆ ಸಾಕು, ಗೋಗಿಯ ಜನಕ್ಕೆ ಒಮ್ಮೆಲೇ ಚಹಾ ನೆನಪಾಗುತ್ತಿತ್ತು, ತರಕಾರಿ ನೆನಪಾಗುತ್ತಿತ್ತು, ಸತ್ತ ಸಂಬಂಧಿಕರು ನೆನಪಾಗುತ್ತಿದ್ದರು. ಖಾಲಿ ಗಾಡಿ ಹೊರಡುವುದಿಲ್ಲ, ಅದು ಹೊರಡದೆ ಉಳಿದವು ಹೊರಡುವುದಿಲ್ಲ. ಉಳಿದ ಡ್ರೈವರುಗಳು ಮೊದಮೊದಲು ನಾಚಿಕೊಂಡು, ಆಮೇಲೆ ರೂಢಿಯಾಗಿ, "ಜೈಭೀಮಣ್ಣ, ಒಂಚೂರು ಬಾಜೂಕ ಹಚ್ಚೋ" ಎನ್ನತೊಡಗಿದರು. ಅವನು ಬದಿಗೆ ಹಚ್ಚುತ್ತಿದ್ದ. ಸಂಜೆಯ ತನಕ ಬದಿಯಲ್ಲೇ ಇರುತ್ತಿದ್ದ.

ಒಂದು ಮಧ್ಯಾಹ್ನ ಅವನು ಅಕ್ಕನ ಮನೆಗೆ ಬಂದ. ನೀರು ಕುಡಿದು, ಲೋಟ ತೊಳೆದಿಟ್ಟು, ಗೋಡೆಗೆ ಒರಗಿ ಕುಳಿತ.

"ಅಕ್ಕಾ, ಪಂಪಣ್ಣ ಗಾಡಿ ಕೇಳಾಕತ್ತಾನ. ಕೊಟ್ಟು ಕೈ ತೊಳಕೋತೀನಿ."

"ಕೊಟ್ಟು?"

"ಗೌಡ್ರ ಹೊಲ ಅವಲ್ಲ. ಅಪ್ಪ ಎಲ್ಲಿ ಬಗ್ಗಿದ್ದ ಅಲ್ಲೇ ಬಗ್ಗತೀನಿ."

"ಬಗ್ಗಾಕ ನಿನಗ ಬೆನ್ನು ಕೊಟ್ಟಾರಂತ ಬಗ್ಗತೀಯೇನು?"

"ಏನ್ ಮಾಡ್ಲಿ ಹೇಳು. ಎಂಟು ಬಂದದ. ನಂದ ತಪ್ಪಿಲ್ಲ, ನಂಬರಿಂದು."

ಪಂಚಶೀಲಾ ಹೊರಗೆ ಬಂದು ಗಾಡಿ ನೋಡಿದಳು. ಗಾಜಿನ ಮೇಲೆ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ದಾರದಲ್ಲಿ ಪೋಣಿಸಿದ ಲಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ. ಕನ್ನಡಕದೊಳಗಿನ ಆ ಕಣ್ಣುಗಳು ಮೆಣಸಿನಕಾಯಿಯನ್ನೇ ನೋಡುತ್ತಿರುವಂತೆ ಕಂಡವು.

"ಇದನ್ನ ಯಾರು ಕಟ್ಟ್ಯಾರ?"

"ಮೌನಪ್ಪ ಕೊಟ್ಟಾನ. ಶಾಂತಿಗೆ."

"ಶಾಂತಿ! ಬುದ್ಧನ ಮನ್ಯಾಗ ಶಾಂತಿ ಮಾರಾಕ ಬಂದಾನೇನ ಅಂವ!" ಎಂದು ದಾರ ಕಿತ್ತು ಚರಂಡಿಗೆ ಎಸೆದಳು. "ಒಂದು ವಾರ ತಡಿ. ಅಲ್ಲಿತನ ಯಾರಿಗೂ ಮಾತು ಕೊಡಬ್ಯಾಡ."

ಒಳಗೆ ಬಂದು ಪೆನ್ನು ಹಿಡಿದಳು. ಕೋಪ ಬಂದಾಗ ಬೇರೆಯವರು ಪಾತ್ರೆ ಕುಕ್ಕುತ್ತಾರೆ, ಅವಳು ಭಾಗಾಕಾರ ಮಾಡುತ್ತಾಳೆ. ಅಂಕಿ ಕೂಡಿಸುವುದೆಂದರೆ ಒಂಬತ್ತರಿಂದ ಭಾಗಿಸಿ ಉಳಿದದ್ದನ್ನು ನೋಡುವುದು, ಅಷ್ಟೇ. ಒಂಬತ್ತೇ ಏಕೆ? ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ, ಹತ್ತಕ್ಕೆ ಒಂದು ಕಡಿಮೆ ಒಂಬತ್ತು. ಹತ್ತೇ ಏಕೆ? ಕೈಗೆ ಹತ್ತು ಬೆರಳು. ಶನಿಮಹಾತ್ಮ ಮನುಷ್ಯರ ಬೆರಳು ಎಣಿಸಿಕೊಂಡು ಬಂದು ಟಂಟಂ ಹತ್ತಿದ್ದಾನೆಯೇ? ಲೆಕ್ಕದ ಬುಡ ಬದಲಿಸಿದರೆ ಅಂಕಿಗಳೇ ಬದಲಾಗುತ್ತವೆ, ಕೂಡಿದ್ದೂ ಬದಲಾಗುತ್ತದೆ. ಗಾಡಿ ಮಾತ್ರ ಅದೇ ಗಾಡಿ. ಅವಳು 7775ನ್ನು ಎಂಟರ ಲೆಕ್ಕದಲ್ಲಿ ಬರೆದಳು, ಏಳರಲ್ಲಿ ಬರೆದಳು, ವಿಶೇಷವೇನೂ ಇರಲಿಲ್ಲ. ಆರರಲ್ಲಿ ಬರೆದಾಗ ಪೆನ್ನು ನಿಂತಿತು.

55555.

ಆರರ ಲೆಕ್ಕದಲ್ಲಿ ಐದಕ್ಕಿಂತ ದೊಡ್ಡ ಅಂಕಿಯೇ ಇಲ್ಲ. ನಮ್ಮಲ್ಲಿ 99999 ಹೇಗೋ ಅಲ್ಲಿ ಇದು ಹಾಗೆ, ತುದಿಯ ಮೇಲೆ ತುದಿ. ಶನಿ ಹಿಡಿದ ಸಂಖ್ಯೆ ಇನ್ನೊಂದು ಮನೆಯಲ್ಲಿ ಪಟ್ಟದಾನೆ! ಪಂಚಶೀಲಾಳ ತಮ್ಮನಿಗೆ ಪಂಚಪಂಚಕ. ಆ ಹೊತ್ತು ಅವಳ ಮೂಗು ಸ್ವಲ್ಪ ನೆಟ್ಟಗಾಯಿತು.

ಭಾನುವಾರ ಅವಳು ಸೀಮೆಸುಣ್ಣ ಹಿಡಿದು ಸ್ಟ್ಯಾಂಡಿಗೆ ಹೋದಳು. ಜೈಭೀಮನ ಗಾಡಿ ಎಂದಿನಂತೆ ಬದಿಯಲ್ಲಿತ್ತು. ಪಂಪಣ್ಣನ ಗಾಡಿಯ ಮುಂದೆ ಸೂಗಮ್ಮ ನಿಂತಿದ್ದಳು; ಗೋಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ, ವಾರಕ್ಕೆರಡು ಸಲ ಚೀಲಗಟ್ಟಲೆ ಮಾಲು ಒಯ್ಯುವ ಹೆಂಗಸು. ಪಂಪಣ್ಣನ ಓಣಿಯವಳೇ. ಅವಳು ಹತ್ತಿದ ಗಾಡಿಗೆ ಉಳಿದವರು ಹತ್ತುತ್ತಾರೆ, ಅಷ್ಟು ವಜನು ಅವಳ ಮಾತಿಗೂ ಮೈಗೂ ಇತ್ತು.

ಮೇಡಂ ಸೀದಾ ಚಹಾದ ಅಯಾಜನ ಬಂಡಿಗೆ ಹೋಗಿ, ಅವನ ತಂತಿಯ ಸ್ಟ್ಯಾಂಡು ಎತ್ತಿ ತೋರಿಸಿದಳು. ಅಂಗಡಿ ಅಂಗಡಿಗೆ ಚಹಾ ಒಯ್ಯುವ ಅದರಲ್ಲಿ ಆರು ಗ್ಲಾಸು ಕೂರುತ್ತವೆ.

"ಅಯಾಜ್, ಐದು ಗ್ಲಾಸಿನ ತನಕ ಬಿಡಿ ಗ್ಲಾಸು. ಆರನೇದು ಬಂದ್ರ?"

"ಒಂದು ಸ್ಟ್ಯಾಂಡ್ ತುಂಬತುರಿ ಮೇಡಂ."

"ಆರು ಸ್ಟ್ಯಾಂಡ್ ಆದ್ರ?"

"ಒಂದು ದೊಡ್ಡ ಟ್ರೇ ಅನ್ರಿ."

"ಆರು ಟ್ರೇ?"

"ಅರೆ, ಅದು ಒಂದು ಮದಿವಿ ಅನ್ರಿ!"

"ಆರು ಮದಿವಿ?"

"ಎಲೆಕ್ಷನ್ ರ‍್ಯಾಲಿರಿ. ರೊಕ್ಕಾ ಬರಂಗಿಲ್ಲ."

ಜನ ನಕ್ಕು ಹತ್ತಿರ ಬಂದರು. ಅವಳು ತಮ್ಮನ ಗಾಡಿಯ ಬೆನ್ನ ಮೇಲೆ ಬರೆದಳು. "ಈಗ ನೋಡ್ರಿ. ಐದು ರ‍್ಯಾಲಿ, ಐದು ಮದಿವಿ, ಐದು ಟ್ರೇ, ಐದು ಸ್ಟ್ಯಾಂಡ್, ಐದು ಬಿಡಿ ಗ್ಲಾಸ್. ಎಲ್ಲಾ ಕೂಡ್ಸಿದ್ರ ಏಳು ಸಾವಿರದ ಏಳುನೂರ ಎಪ್ಪತ್ತೈದು. ಜೈಭೀಮನ ಗಾಡಿ. ಇನ್ನೊಂದ ಗ್ಲಾಸ್ ಬಂತು ಅಂದ್ರ?"

ಅಯಾಜ್ ಕಣ್ಣು ಮುಚ್ಚಿ ಗ್ಲಾಸು ಜೋಡಿಸಿದ. "ಸ್ಟ್ಯಾಂಡ್ ತುಂಬತು, ಟ್ರೇ ತುಂಬತು, ಮದಿವಿ, ರ‍್ಯಾಲಿ... ಎಲ್ಲಾ ಖಾಲಿ! ಮುಂದ ಒಂದು, ಹಿಂದ ಬರೇ ಸೊನ್ನಿ."

"ಅದು ಪಂಪಣ್ಣನ ಗಾಡಿ. ಒಂದರ ಮುಂದ ಐದು ಸೊನ್ನಿ."

"ಏ ಮೇಡಂರ, ನನ್ನ ಗಾಡಿ ಯಾಕ ಸೊನ್ನಿ ಮಾಡ್ತೀರಿ?" ಎಂದ ಪಂಪಣ್ಣ, ಪ್ಲೇಟನ್ನು ಅಂಗೈಯಿಂದ ಮುಚ್ಚುತ್ತ.

"ನಾ ಏನೂ ಮಾಡಿಲ್ಲ. ಆಧಾರ ಬದಲಿ ಮಾಡೀನಿ."

ಸೂಗಮ್ಮ ಗಾಬರಿಯಾದಳು. "ಆಧಾರ್ ಮನ್ಯಾಗ ಅದವ್ವ. ಜೆರಾಕ್ಸ್ ನಡಿತದೇನು?"

"ಆ ಆಧಾರ್ ಅಲ್ಲ ಸೂಗವ್ವ. ಲೆಕ್ಕದ ಬುಡ. ಹತ್ತರಾಗ ಎಂಟು ಅಂತೀರಿ, ಆರರಾಗ ಐದು ಬರ್ತದ."

"ಅಂದ್ರ ಒಂದ ಗಾಡಿಗೆ ಎಂಟೂ ಹೌದು, ಐದೂ ಹೌದು?"

"ಹೌದು. ಅದಕ್ಕ ಎರಡಕ್ಕೂ ಕಿಮ್ಮತ್ತಿಲ್ಲ. ಬ್ರೇಕ್ ಛಲೋ ಅದನ ಇಲ್ಲ, ಅಷ್ಟ ನೋಡ್ರಿ."

ಒಂದು ಪ್ರಮೇಯದ ಅರ್ಧ ಕೇಳಿ ಎದ್ದುಹೋಗುವುದು ಕಾಲೇಜಿನ ಹುಡುಗರ ರೋಗ ಎಂದು ಅವಳು ತಿಳಿದಿದ್ದಳು. ಊರಿಗೇ ಅಂಟಿತ್ತು. ಎರಡಕ್ಕೂ ಕಿಮ್ಮತ್ತಿಲ್ಲ ಎಂಬುದು ಯಾರ ಕಿವಿಗೂ ಹೋಗಲಿಲ್ಲ. ಆರರ ಲೆಕ್ಕ ಅಂತ ಒಂದಿದೆಯಂತೆ, ಅದರಲ್ಲಿ ಶನಿ ಇಲ್ಲವಂತೆ ಎಂಬುದು ಸಂಜೆಯೊಳಗೆ ಗೊಬ್ಬರದಂಗಡಿಯ ಮೇಲ್ಮಹಡಿ ತಲುಪಿತು.

ಬುಧವಾರ ಕಾಲೇಜಿನ ಗೇಟಿನಲ್ಲಿ ಮೌನಪ್ಪ ಪೇಡೆಯ ಡಬ್ಬಿ ಹಿಡಿದು ನಿಂತಿದ್ದ.

"ಮೇಡಂರ, ನೀವು ನನ್ನ ಕಣ್ಣು ತೆರಿಸಿದ್ರಿ! ಇಷ್ಟು ವರ್ಷ ಹತ್ತರ ಕೊಟ್ಟಗ್ಯಾಗ ಬಿದ್ದಿದ್ದೆ ನೋಡ್ರಿ. ಈಗ ಆರರ ಲೆಕ್ಕ, ಹನ್ನೆರಡರ ಲೆಕ್ಕ, ಎಲ್ಲಾ ಶುರು ಮಾಡೀನಿ. ಬ್ಯಾನರ್ ನೋಡಿರಿಲ್ಲ?"

"ನಾ ನಿನ್ನ ಶಾಸ್ತ್ರ ಸುಳ್ಳು ಅಂತ ತೋರ್ಸಾಕ ಹೇಳಿದ್ದು ಅದು."

"ಅದ ಮತ್ತ ಮಜಾ! ಮೊದಲ ಎಂಟು ಬಂದವ್ರು ಅಳಕೋತ ಹೋಗ್ತಿದ್ರು, ಪಾಪ. ಈಗ ಯಾರೂ ಅಳಂಗಿಲ್ಲ. ಯಾವುದರ ಒಂದು ಲೆಕ್ಕದಾಗ ಎಲ್ಲಾರೂ ಛಲೋನ ಇರ್ತಾರ. ಹುಡುಕಿ ಕೊಡೂದು ನನ್ನ ಕೆಲಸ. ನೀವು ವಾರಕ್ಕೊಮ್ಮಿ ಬಂದು ಕುಂತ್ರ..."

"ಲೆಕ್ಕಕ್ಕ ಮರ್ಯಾದಿ ಇರ್ಲಿಲ್ಲ ಅಂದ್ರ ನನ್ನ ಬಾಯಾಗ ಏನ್ ಬರ್ತಿತ್ತು ಗೊತ್ತದೇನು?"

"ಬರ್ಲಿರಿ, ಬಾಯಾಗ ಪೇಡೆ ಹಾಕ್ಕೋರಿ."

ಅವಳು ಒಳಗೆ ಹೋಗಿ ಕೈ ತೊಳೆದಳು. ಡಬ್ಬಿ ಮುಟ್ಟಿರಲಿಲ್ಲ, ಆದರೂ ತೊಳೆದಳು. ತಾನು ಆ ಸ್ವಚ್ಛ ಮನೆಯ ಕೀಲಿ ತೆರೆದು ಕಳ್ಳನಿಗೆ ಇನ್ನೂ ನಾಲ್ಕು ಕೋಣೆ ತೋರಿಸಿ ಬಂದಂತಾಗಿತ್ತು.

ಜೈಭೀಮನಿಗೆ ಮಾತ್ರ ಹುರುಪು. ಬೆಳ್ಳಿ ಬಣ್ಣದ ಸ್ಟಿಕ್ಕರಿನಲ್ಲಿ 55555 ಎಂದು ಗಾಜಿಗೆ ಹಚ್ಚಿಸಿದ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಹತ್ತಿದರು, ಕಾಲೇಜು ಹುಡುಗರು ಹತ್ತಿ ಸೆಲ್ಫಿ ತೆಗೆದುಕೊಂಡರು. ಆದರೆ ಮೇಲಿನೋಣಿಯವರು ಹತ್ತಲಿಲ್ಲ. "ಆರರ ಲೆಕ್ಕ ಹೊಸಾದು. ನಮಗ ಹತ್ತರದ್ದ ರೂಢಿ," ಎಂದಳು ಸೂಗಮ್ಮ. ಅವಳು ಹತ್ತದಿದ್ದರೆ ಅವಳ ಹಿಂದಿನವರೂ ಹತ್ತುವುದಿಲ್ಲ. ಮತ್ತೆ ಚಹಾ, ಮತ್ತೆ ತರಕಾರಿ, ಮತ್ತೆ "ಬಾಜೂಕ ಹಚ್ಚೋ". ಶನಿವಾರ ಗಾಡಿಯ ಮಾತು ಮುಗಿಸುವುದಾಗಿ ಜೈಭೀಮ ಪಂಪಣ್ಣನಿಗೆ ಹೇಳಿಯೂಬಿಟ್ಟ.

ಆ ಶನಿವಾರ ಪಂಚಶೀಲಾ ಅವ್ವನನ್ನು ನೋಡಲು ಗೋಗಿಗೆ ಹೊರಟು ಸ್ಟ್ಯಾಂಡಿಗೆ ಬಂದಳು. ಬಂದವಳು ಅಯಾಜನ ಬಂಡಿಯ ಹತ್ತಿರವೇ ನಿಂತುಬಿಟ್ಟಳು. ಪಂಪಣ್ಣನ ಗಾಡಿ ಬಾಯಿ ತೆರೆದು ಮೆಕ್ಯಾನಿಕ್ಕಿನ ಕೈಯಲ್ಲಿತ್ತು. ಕ್ಲಚ್ ವಾಯರು ಕಡಿದಿತ್ತು. ಜೈಭೀಮನ ಗಾಡಿ ಸ್ಟ್ಯಾಂಡಿನ ಮುಂದೆ ನಿಂತಿತ್ತು. ಮೇಲೆ ಸೂಗಮ್ಮನ ಸಕ್ಕರೆ ಚೀಲ, ಎಣ್ಣೆ ಡಬ್ಬಿಗಳು ಹಗ್ಗ ಬಿಗಿದುಕೊಂಡು ಕೂತಿದ್ದವು. ಒಳಗೆ ಸೂಗಮ್ಮ, ಅವಳ ಹಿಂದಿನವರು, ಕಾಲಿಡಲು ಜಾಗವಿಲ್ಲ. ಡ್ರೈವರ್ ಸೀಟಿನಲ್ಲಿ ಪಂಪಣ್ಣ.

"ಪಂಪಣ್ಣ ಇದೊಂದು ಟ್ರಿಪ್ಪಿಗೆ ಕೇಳ್ದ ಅಕ್ಕಾ. ಹೆಂಗೂ ಅಂವಗ ಹೋಗೂ ಗಾಡಿ," ಎಂದ ಜೈಭೀಮ, ಬಂಡಿಗೆ ಒರಗಿ ನಿಂತು.

ಪಂಚಶೀಲಾ ಗಾಡಿಯ ಹತ್ತಿರ ಹೋದಳು. ತರಗತಿಯಲ್ಲಿ ಕೇಳುವ ಅದೇ ದನಿಯಲ್ಲಿ ಕೇಳಿದಳು: "ಸೂಗವ್ವ, ಇದು ಎಂಟರ ಗಾಡಿ ಅಲ್ಲೇನು? ನಂಬರ್ ಪ್ಲೇಟ್ ಇನ್ನೂ ಅದ 7775."

"ಇರವಲ್ದ್ಯಾಕವ್ವ. ನಡಸಾಂವ ನಮ್ಮ ಪಂಪಣ್ಣ ಅಲ್ಲೇನು," ಎಂದಳು ಸೂಗಮ್ಮ. ಉಪ್ಪು ಎಷ್ಟು ಕಿಲೋ ಎಂದು ಹೇಳಿದಷ್ಟೇ ಸಹಜವಾಗಿ. ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಸೆರಗು ಬಾಯಿಗೆ ಹೋಯಿತು. ಗಾಡಿಯೊಳಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಂಪಣ್ಣ ಹಾರ್ನಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸತೊಡಗಿದ.

ಪಂಚಶೀಲಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗ್ಲಾಸು, ಸ್ಟ್ಯಾಂಡು, ಟ್ರೇ! ಲೆಕ್ಕವೇ ಕೇಳದಿದ್ದ ಜನಕ್ಕೆ ತಾನು ಲೆಕ್ಕ ಬಿಡಿಸಿ ತೋರಿಸಿದ್ದಳು. ಬಾಯಿ ಬಿಟ್ಟು ಹೇಳಲಾಗದ ಒಂದು ಮಾತಿಗೆ ಮೌನಪ್ಪ ಎಂಟು ಎಂಬ ಅಂಗಿ ಹೊಲಿದುಕೊಟ್ಟಿದ್ದ. ಅವರು ತೊಟ್ಟುಕೊಂಡಿದ್ದರು, ಅಷ್ಟೇ. ಅವಳ ಸ್ವಚ್ಛ ಮನೆಯ ಅಂಗಳದಲ್ಲೂ ಅದೇ ಹಳೆಯ ಪ್ರಶ್ನೆ ಬಂದು ನಿಂತಿತ್ತು.

"ಕೇಳಿದ್ಯೇನೋ?" ಎಂದು ತಮ್ಮನತ್ತ ತಿರುಗಿದಳು.

"ನನಗ ಮೊದಲ ಗೊತ್ತಿತ್ತಕ್ಕಾ."

"ಗೊತ್ತಿತ್ತು? ಮತ್ತ ಲಿಂಬಿಕಾಯಿ ಯಾಕ ಕಟ್ಟಿದ್ದಿ? ಸ್ಟಿಕ್ಕರ್ ಯಾಕ?"

ಜೈಭೀಮ ನೆಲ ನೋಡಿದ. "ನಂಬರಿಂದ ದೋಷ ಅಂದ್ರ ಸಮಾಧಾನ ಇತ್ತು. ನಂಬರಿಗೆ ಏನರ ಮದ್ದು ಇರ್ತದ ಅಂತ. ಇದಕ್ಕೇನದ?"

ಪಂಚಶೀಲಾ ಗಾಜಿನ ಮೇಲಿನ 55555ರ ಕಡೆ ನೋಡಿ ತಲೆ ತಗ್ಗಿಸಿದಳು. ಅಕ್ಕನ ಮುಖವನ್ನು ಹಾಗೆ ಕಂಡೇ ಏನೋ, ಜೈಭೀಮ ಬಂಡಿಯಿಂದ ಬೆನ್ನು ಕಿತ್ತ. ಗಾಡಿಯ ಹತ್ತಿರ ಹೋಗಿ ಕೈ ಚಾಚಿದ.

"ಪಂಪಣ್ಣ, ಇಳಿ."

"ಯಾಕೋ? ಜನ ಕುಂತಾರ."

"ಕುಂತವ್ರು ಕುಂತಿರ್ಲಿ. ಗಾಡಿ ನಂದು, ಪಾಳಿ ನಂದು. ನಾ ನಡಸ್ತೀನಿ."

ಪಂಪಣ್ಣ ಒಮ್ಮೆ ಸೂಗಮ್ಮನ ಕಡೆ, ಒಮ್ಮೆ ಹಿಂದಿನ ಡ್ರೈವರುಗಳ ಕಡೆ ನೋಡಿದ. ಡ್ರೈವರುಗಳು ತಂತಮ್ಮ ಗಾಡಿಗಳ ಕಡೆ ತಿರುಗಿದರು. ಅವನಾಗಿಯೇ ಬದಿಗೆ ಸರಿದರೆ ಸರಿ, ಬಾಯಿಬಿಟ್ಟು ಪಾಳಿ ಕೇಳಿದರೆ ಆ ಸ್ಟ್ಯಾಂಡಿನಲ್ಲಿ ಎದುರಾಡುವಂತಿಲ್ಲ. ಇಂದು ಇವನದನ್ನು ತಿಂದರೆ ನಾಳೆ ತಮ್ಮದೂ ಹೋಗುತ್ತದೆ. ಅಯಾಜ್ ಮಾತ್ರ ಬಂಡಿಯಿಂದ, "ಪಾಳಿ ಅಂದ್ರ ಪಾಳಿ ಭಾಯ್, ಇಳಿ ಇಳಿ," ಎಂದ. ಪಂಪಣ್ಣ ಇಳಿದ.

ಜೈಭೀಮ ಹತ್ತಿ ಕುಳಿತ. ಗಾಡಿ ಚಾಲೂ ಮಾಡಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡುತ್ತ ಕಾದ. ಇಳಿಯುವವರು ಇಳಿಯಬಹುದಿತ್ತು. ಆದರೆ ಇಳಿಯಬೇಕಾದರೆ ಕಾರಣ ಹೇಳಬೇಕು, ಎಂಟು ಎಂಬ ಕಾರಣದ ಮೇಲೆ ಅವರೇ ಕುಂಡಿ ಊರಿ ಕುಳಿತಾಗಿತ್ತು. ಉಳಿದದ್ದು ಒಂದೇ ಕಾರಣ. ಅದನ್ನು ಹಗಲುಹೊತ್ತಿನಲ್ಲಿ, ಲೆಕ್ಕದ ಮೇಡಂ ಎದುರಿಗೆ, ಬಾಯಿಬಿಟ್ಟು ಹೇಳಬೇಕಿತ್ತು. ಒಬ್ಬ ಮುದುಕ ಬಸ್ಸಿಗೆ ಹೋಗುತ್ತೇನೆಂದು ಗೊಣಗಿ ಇಳಿದ. ಇನ್ನೊಬ್ಬ ಫೋನು ಬಂದಂತೆ ಮಾಡಿ ಇಳಿದ, ಫೋನು ತಲೆಕೆಳಗಾಗಿತ್ತು. ಸೂಗಮ್ಮ ತಲೆ ಎತ್ತಿ ಮೇಲೆ ಬಿಗಿದ ತನ್ನ ಚೀಲಗಳ ಕಡೆ ನೋಡಿ, ಕದಲದೆ ಕುಳಿತಳು.

ಮುದುಕನ ಜಾಗಕ್ಕೆ ಪಂಚಶೀಲಾ ಹತ್ತಿದಳು. ಸೂಗಮ್ಮ ಸರಿದಷ್ಟು ಅವಳೂ ಸರಿದು ಕುಳಿತಳು. ಗೋಗಿಯ ತನಕ ಸೂಗಮ್ಮ ಸೆರಗು ಮುದ್ದೆ ಮಾಡಿ ಹಿಡಿದು ಹೊರಗಿನ ಹತ್ತಿ ಹೊಲ ನೋಡಿದಳು. ಪಂಚಶೀಲಾ ಅವಳ ಕಿವಿಯ ಓಲೆ ನೋಡಿದಳು. ಗೆದ್ದೆವು ಎಂದು ಒಂದು ಕ್ಷಣವೂ ಅನಿಸಲಿಲ್ಲ. ಒಬ್ಬ ಮನುಷ್ಯನ ಹಿಂದೆ ಕೂರಿಸಲು ಇನ್ನೊಬ್ಬರನ್ನು ಹೀಗೆ ಮೂಲೆಗೆ ಒತ್ತಬೇಕೇ ಎಂದು ಹೇಸಿಗೆ ಮಾತ್ರ ಉಳಿಯಿತು.

ಗೋಗಿಯಲ್ಲಿ ಜೈಭೀಮ ಹಗ್ಗ ಬಿಚ್ಚಿ ಚೀಲ ಇಳಿಸಿಕೊಟ್ಟ. ಸೂಗಮ್ಮ ಬಾಡಿಗೆಯ ನೋಟನ್ನು ತುದಿಬೆರಳಲ್ಲಿ ಹಿಡಿದು, ಅವನ ಅಂಗೈಗಿಂತ ಮೇಲಿನಿಂದ ಬಿಡಲು ನೋಡಿದಳು. ಅವಳ ಅತ್ತೆ ಹಾಗೆ ಬಿಡುತ್ತಿದ್ದಳು, ಅವಳ ತಾಯಿ ಹಾಗೆ ಬಿಡುತ್ತಿದ್ದಳು. ಜೈಭೀಮ ಅಂಗೈಯನ್ನು ನಿಧಾನವಾಗಿ ಮೇಲೆತ್ತಿದ, ಅವಳ ಬೆರಳಿಗೆ ತಾಗುವ ತನಕ. ನೋಟು ತೆಗೆದುಕೊಂಡ.

"ನಾಳಿ ಮುಂಜಾನೆ ನಂದ ಮೊದಲ ಪಾಳಿ ಅದರಿ. ಬರ್ರಿ."

ಸೂಗಮ್ಮ ಚೀಲಗಳನ್ನು ಎಣಿಸಿದಳು. ನಾಲ್ಕು ಹೆಜ್ಜೆ ಹೋಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬೆರಳನ್ನು ಸೀರೆಗೆ ಒರೆಸಿಕೊಂಡಳು. ಅಕ್ಕ ತಮ್ಮ ಇಬ್ಬರೂ ನೋಡಿದರು. ಪಂಚಶೀಲಾಳ ಬಾಯಿಗೆ ಬಂದ ಮಾತು ಅವಳು ಯಾವ ತರಗತಿಯಲ್ಲೂ ಆಡಿದ್ದಲ್ಲ.

"ಇರ್ಲಿ ಬಿಡಕ್ಕಾ," ಎಂದ ಜೈಭೀಮ. "ಸೀರಿ ಅಕಿದು, ಒಗಿಯಾಕಿ ಅಕಿ." ಆಮೇಲೆ ಪಂಪಣ್ಣನಿಗೆ ಫೋನು ಹಚ್ಚಿದ. "ಪಂಪಣ್ಣ, ಗಾಡಿ ಕೊಡಂಗಿಲ್ಲ. ನಿಂದು ರಿಪೇರಿ ಆತೇನು? ಆದ್ರ ನನ್ನ ಹಿಂದ ಹಚ್ಚು."